ದೊಡ್ಡಮ್ಮನ ಮನೆಯಲ್ಲಿ ಟೆಸ್ಟ್ ಪೀಸ್

ಜೂನ್ 9, ಸೋಮವಾರ

ನನ್ನ ಮಗಳು ಮರಿ ಅರ್ಧ ಬಾಳೆಹಣ್ಣು ತಿಂದಳು, ಉಳಿದರ್ಧ ತಲೆಗೆ ಮೆತ್ತಿಕೊಂಡಳು. ಒರೆಸಿ, ಬಟ್ಟೆ ಬದಲಿಸಿ, ಸೊಂಟಕ್ಕೆ ಹಾಕಿಕೊಂಡು ಹೊರಟಾಗ ಹತ್ತೂವರೆ. ಇವತ್ತು ನೋಡಿದ್ದು ಎರಡನೇ ಡೇ ಕೇರ್. ಮನೆಯಲ್ಲೇ ನಡೆಸುತ್ತಾರೆ. ಗೋಡೆ ತುಂಬ ಸರ್ಟಿಫಿಕೇಟು, ನೆಲ ಮುಖ ಕಾಣುವಷ್ಟು ಫಳಫಳ. ಆದರೆ ಗೇಟು ಹಾರುಹೊಡೆದಿತ್ತು. ಬೆಲ್ ಒತ್ತದೆ ಸೀದಾ ಹಾಲ್‌ವರೆಗೆ ನಡೆದು ಹೋದೆ, ಯಾರೂ ತಲೆ ಎತ್ತಲಿಲ್ಲ. ಬಚ್ಚಲಲ್ಲಿ ತುಂಬಿದ ಬಕೆಟ್, ಬಾಗಿಲು ತೆರೆದೇ ಇದೆ. ಕೇಳಿದೆ.

"ಮಕ್ಕಳು ಆ ಕಡೆ ಹೋಗಲ್ಲ ಮೇಡಂ."

ಮಕ್ಕಳಿಗೆ ಈ ವಿಷಯ ಯಾರು ತಿಳಿಸಿದರೋ.

ಹೋದ ವಾರ ನೋಡಿದ ಮನೆಗಿಂತ ವಾಸಿ. ಅಲ್ಲಿ ಒಂದೇ ಸೋಫಾದ ಮೇಲೆ ಎಂಟು ಮಕ್ಕಳು, ಎದುರಿಗೆ ಟೀವಿ. ಒಂದೂ ಅಳುತ್ತಿರಲಿಲ್ಲ, ಒಂದೂ ನಗುತ್ತಿರಲಿಲ್ಲ. ನೋಡಿ ನನಗೇ ಅಳು ಬಂತು.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ನಕ್ಕರು.

"ಮಗು ಬಿಡೋಕೆ ಮನೆ ಹುಡುಕ್ತಿದ್ದೀಯೋ, ಫ್ಯಾಕ್ಟರಿ ಇನ್‌ಸ್ಪೆಕ್ಷನ್‌ಗೆ ಹೊರಟಿದ್ದೀಯೋ?"

ಎರಡೂ ಒಂದೇ ಅಲ್ಲವಾ. ಬಿಸ್ಕತ್ ಫ್ಯಾಕ್ಟರಿಯಲ್ಲಿ ನನಗೆ ಸಂಬಳ ಕೊಡುವುದೇ ಅನುಮಾನ ಪಡಲಿಕ್ಕೆ. ಊರ ಮಕ್ಕಳ ಬಾಯಿಗೆ ಹೋಗುವ ಪ್ಯಾಕೆಟ್ಟಿನಲ್ಲಿ ಕಬ್ಬಿಣದ ಚೂರಿಲ್ಲ ಅಂತ ಖಾತ್ರಿ ಮಾಡುವವಳು, ನನ್ನ ಮಗು ಹೋಗುವ ಮನೆಯನ್ನು ಕಣ್ಣು ಮುಚ್ಚಿಕೊಂಡು ನೋಡಲಾ? ರಜೆ ಮುಗಿಯುವುದು ಜುಲೈ 7ಕ್ಕೆ. ಅವತ್ತು ಹೋಗದಿದ್ದರೆ ನನ್ನ ಜಾಗ ಬೇರೆಯವರಿಗೆ ಅಂತ ಸೂಪರ್‌ವೈಸರ್ ಆಗಲೇ ಹೇಳಿಯಾಗಿದೆ. ಇವರದು ಮನೆ ಮನೆ ಸುತ್ತಿ ಫ್ರಿಜ್ ರಿಪೇರಿ ಮಾಡುವ ಕೆಲಸ. ಮರಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಸಿಗಲೇಬೇಕು ಒಂದು ಮನೆ.

ಜೂನ್ 10, ಮಂಗಳವಾರ

ಮೂರನೆಯದು. ನಮ್ಮ ಹಿಂದಿನ ಬೀದಿಯ ಮೂಲೆ ಮನೆ. ಬೀದಿಗೆಲ್ಲ ಆಕೆ ದೊಡ್ಡಮ್ಮ. ಐವತ್ತೈದು ದಾಟಿರಬೇಕು. ದಪ್ಪ ಮುಂಗೈ, ಸಣ್ಣ ದನಿ. ಒಬ್ಬರೇ ಇರುವುದು. ಗೇಟಿಗೆ ಎರಡು ಚಿಲಕ, ಮೇಲಿನದು ನನ್ನ ಗದ್ದಕ್ಕೆ ಬರುತ್ತದೆ. ಒಳ್ಳೆಯದು.

ಮೂಗು ತೂರಿಸದ ಜಾಗ ಇಲ್ಲ. ಬಚ್ಚಲಲ್ಲಿ ಬಕೆಟ್ ಬೋರಲು. ಔಷಧಿ ಎತ್ತರದ ಕಪಾಟಿನಲ್ಲಿ, ಬೀಗ ಹಾಕಿದೆ. ಸಿಲಿಂಡರ್ ಆಫ್. ಕಿಟಕಿ ಸರಳುಗಳ ನಡುವೆ ಮುಷ್ಟಿ ತೂರಿಸಿ ನೋಡಿದೆ, ಹೋಗಲಿಲ್ಲ. ಪ್ಲಗ್ಗಿಗೆ ಹಚ್ಚಿದ ಟೇಪಿನ ಅಂಚು ಎದ್ದಿತ್ತು. ಹೇಳಿದೆ. ನಾನು ನೋಡುತ್ತಿದ್ದಂತೆಯೇ ಹೊಸದು ಹಚ್ಚಿದರು. ಆಮೇಲೆ ಕೈ ಕಟ್ಟಿಕೊಂಡು ನನ್ನ ಹಿಂದೆಯೇ ನಿಂತರು.

"ಮಂಚದ ಕೆಳಗೂ ನೋಡ್ಬಿಡಮ್ಮ. ಇಲ್ದಿದ್ರೆ ಮನೆಗೆ ಹೋಗಿ ನಿದ್ದೆ ಬರದೆ ಒದ್ದಾಡ್ತೀಯ."

ನೋಡಿದೆ. ಒಂದು ಚೆಂಡು ಇತ್ತು. ಧೂಳಿರಲಿಲ್ಲ.

"ಎಷ್ಟು ಮಕ್ಕಳು ದೊಡ್ಡಮ್ಮ?"

"ನಿಂದು ಬಂದ್ರೆ ಮೂರು. ಎರಡು ಕೈಗೆ ಇಬ್ಬರು, ಸೊಂಟಕ್ಕೊಬ್ಬರು. ನಾಲ್ಕನೇದನ್ನ ಹೊರೋಕೆ ನನ್ನ ಹತ್ರ ಏನಿದೆ?"

ಈಗಿರುವ ಇಬ್ಬರಲ್ಲಿ ಒಬ್ಬಳಿಗೆ ನಾಲ್ಕು ವರ್ಷ. ಬಾಯಿಗೆ ಬಿಡುವಿಲ್ಲ, ಮಾತಿನಮಲ್ಲಿ ಅಂತಲೇ ಕರೆಯುತ್ತಾರೆ. ನನ್ನ ಬ್ಯಾಗಿನಲ್ಲಿ ಏನಿದೆ, ನನ್ನ ಹಲ್ಲು ಯಾಕೆ ಹಾಗಿದೆ, ಎಲ್ಲ ಕೇಳಿದಳು. ಇನ್ನೊಬ್ಬ ಎರಡು ವರ್ಷದ ಡುಮ್ಮ. ಅಪ್ಪ ಸಿಟಿ ಬಸ್ ಡ್ರೈವರ್, ಅಮ್ಮನಿಗೆ ಬೇರೆ ಊರಲ್ಲಿ ಕೆಲಸ. ಡುಮ್ಮ ಮಾತಾಡುವುದಿಲ್ಲ. ಪೊರಕೆ ಕಂಡರೆ ಓಡಿಹೋಗಿ ಹಿಡಿದುಕೊಳ್ಳುತ್ತಾನೆ, ಅಷ್ಟೇ.

ಹೊರಡುವಾಗ ದೊಡ್ಡಮ್ಮನೇ ಕೇಳಿದರು — ಹಸಿವಾದರೆ ಹೇಗೆ ಅಳುತ್ತಾಳೆ, ನಿದ್ದೆ ಬಂದರೆ ಹೇಗೆ? ಎರಡೂ ಅಳು ನಾನು ಮಾಡಿ ತೋರಿಸಬೇಕಾಯಿತು. ಮಾತಿನಮಲ್ಲಿ ಬಿದ್ದು ಬಿದ್ದು ನಕ್ಕಳು.

ಜೂನ್ 12, ಗುರುವಾರ

ಹೇಳದೆ ಕೇಳದೆ ಮಧ್ಯಾಹ್ನ ಹೋದೆ. ಮಕ್ಕಳು ಊಟವಾದ ಮೇಲೆ ಒಟ್ಟಿಗೆ ಮಲಗುತ್ತವೆ ಅಂದಿದ್ದರು. ಒಟ್ಟಿಗೆ? ಹೇಗೆ? ಮಲಗಿಸಲು ಕೆಮ್ಮಿನ ಔಷಧಿ ಕುಡಿಸುವವರ ಕಥೆ ಕೇಳಿದ್ದೇನೆ. ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಕಿಟಕಿಯಿಂದ ಇಣುಕಿದೆ. ಮಲಗಿದ್ದಾರೆ. ದೊಡ್ಡಮ್ಮ ಬಾಗಿಲಿಗೆ ಅಡ್ಡಲಾಗಿ ಮಲಗಿದ್ದಾರೆ. ಅವರನ್ನು ತುಳಿಯದೆ ಒಂದು ಮಗುವೂ ಹೊರಗೆ ಹೋಗುವ ಹಾಗಿಲ್ಲ. ಗೇಟಿನ ಚಿಲಕಕ್ಕೆ ಒಂದು ಬೆರಳು ತಾಗಿಸಿದೆ ಅಷ್ಟೇ, ಕಣ್ಣು ಬಿಟ್ಟರು.

"ಬಾ. ಮೆಲ್ಲಗೆ."

ಕೇಳಿಯೇಬಿಟ್ಟೆ — ಇಷ್ಟು ಸಲೀಸಾಗಿ ಹೇಗೆ ಮಲಗಿದರು? ಹಿತ್ತಿಲಿಗೆ ಕರೆದುಕೊಂಡು ಹೋದರು. ಮೊಣಕಾಲೆತ್ತರಕ್ಕೆ ಒಂದು ಹಗ್ಗ, ಅದರ ಮೇಲೆ ಅಂಕುಡೊಂಕಾಗಿ ಹಾಕಿದ ಪುಟ್ಟ ಪುಟ್ಟ ಬಟ್ಟೆ.

"ಬೆಳಗ್ಗೆಯಿಂದ ಒಗೆದು ಒಗೆದು ಸುಸ್ತಾಗಿದ್ದಾರೆ, ಪಾಪ. ಕೆಲಸ ಮಾಡಿದ ಮೈ, ಮಲಗದೆ ಏನು ಮಾಡ್ತದೆ?"

ಡುಮ್ಮನ ಬಾಯಿ ಹತ್ತಿರ ಬಗ್ಗಿ ಮೂಸಿಯೂ ನೋಡಿದೆ. ಔಷಧಿ ವಾಸನೆ ಇಲ್ಲ. ದೊಡ್ಡಮ್ಮ ನೋಡಿಯೂ ನೋಡದ ಹಾಗೆ ನಿಂತಿದ್ದರು.

ಜೂನ್ 16, ಸೋಮವಾರ

ಅಭ್ಯಾಸವಾಗಲಿ ಅಂತ ಇವತ್ತಿನಿಂದ ಮಧ್ಯಾಹ್ನದವರೆಗೆ ಬಿಡುವುದು. ಬೆಳಗ್ಗೆ ಬಿಟ್ಟು ಬರುವಾಗ ರಂಪ ಮಾಡಿದಳು. ರಸ್ತೆ ತಿರುವಿನವರೆಗೂ ಕೇಳುತ್ತಿತ್ತು. ಮನೆಗೆ ಬಂದು ಏನು ಮಾಡಬೇಕೋ ತಿಳಿಯದೆ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಕರೆದುಕೊಂಡು ಬರಲು ಹೋದರೆ ಮರಿ ದೊಡ್ಡಮ್ಮನ ಹೆಗಲಿಗೆ ತಲೆ ಇಟ್ಟಿದ್ದಳು. ನನ್ನನ್ನು ನೋಡಿದಳು. ಮತ್ತೆ ತಲೆ ಇಟ್ಟಳು.

ಖುಷಿ ಪಡಬೇಕಾದ ವಿಷಯ. ಹೊಟ್ಟೆ ಉರಿಯಿತು, ಯಾಕೆ ಸುಳ್ಳು ಹೇಳಲಿ.

ಇವರು: "ಇನ್ನೇನು ಉಳಿದಿದೆ ನೋಡೋಕೆ? ಒಪ್ಕೋ."

ಉಳಿದಿದೆ. ನಾನು ಇದ್ದಾಗ ನೋಡಿದ್ದು ಲೆಕ್ಕಕ್ಕಿಲ್ಲ. ಫ್ಯಾಕ್ಟರಿಯಲ್ಲೂ ಅಷ್ಟೇ — ಲೋಹದ ಚೂರು ಪತ್ತೆ ಮಾಡುವ ಮಷಿನ್ ಚೆನ್ನಾಗಿದೆ ಅಂತ ಸುಮ್ಮನೆ ನಂಬುವುದಿಲ್ಲ. ಉಕ್ಕಿನ ಗುಂಡು ಇರುವ ಪ್ಯಾಕೆಟ್ ಒಂದನ್ನು ನಾವೇ ಓಡುವ ಬೆಲ್ಟ್ ಮೇಲೆ ಬಿಡುತ್ತೇವೆ. ಅದು ಟೆಸ್ಟ್ ಪೀಸ್. ಮಷಿನ್ ಅದನ್ನು ಹಿಡಿದು ಪಕ್ಕಕ್ಕೆ ತಳ್ಳಬೇಕು. ದೊಡ್ಡದು ಹಿಡಿಯಿತು ಅಂದರೆ ಅದಕ್ಕಿಂತ ಚಿಕ್ಕದು, ಆಮೇಲೆ ಇನ್ನೂ ಚಿಕ್ಕದು. ಹಾಗೆ ನೋಡಿದ ಮೇಲೇ ಪಾಸು.

ಜೂನ್ 17, ಮಂಗಳವಾರ

ಹಳೆ ಕೋಟಿನ ಬಟನ್. ಯಾವ ಮಗುವಿನ ಗಂಟಲಿಗೂ ಹೋಗದಷ್ಟು ದೊಡ್ಡದು. ಚಾಪೆಯ ಅಂಚಿನಲ್ಲಿ ಬೀಳಿಸಿ ಬಂದೆ. ಮಧ್ಯಾಹ್ನ ಗೇಟಿನಲ್ಲೇ ಕೈಗಿಟ್ಟರು.

"ನಿಂದೇ ಇರ್ಬೇಕು ನೋಡು."

ಪಾಸು. ಎಷ್ಟು ಹಗುರಾಯಿತು ಅಂದರೆ, ದಾರಿಯುದ್ದಕ್ಕೂ ಮರಿಯ ಜೊತೆ ಮಾತಾಡಿಕೊಂಡು ಬಂದೆ.

ಜೂನ್ 19, ಗುರುವಾರ

ಶರ್ಟಿನ ಬಟನ್. ಕಪಾಟಿನ ಕಾಲಿನ ಪಕ್ಕ. ಮತ್ತೆ ಕೈಗೆ ಬಂತು.

"ನಿನ್ನ ಬಟ್ಟೆ ಮೇಲೆ ಬಟನ್ ನಿಲ್ಲೋದೇ ಇಲ್ವಲ್ಲಮ್ಮ. ತಾ, ನಾನು ಹೊಲಿದು ಕೊಡ್ತೀನಿ."

ನಾಚಿಕೆಯಾಯಿತು. ಇವರಿಗೆ ಹೇಳಲಿಲ್ಲ. ಹೇಳಿದರೆ ಸಾಕು, ನಿಲ್ಲಿಸು ಅನ್ನುತ್ತಾರೆ. ನಾನೂ ನಿಲ್ಲಿಸಬಹುದು. ಆದರೆ ಎರಡು ಹಿಡಿದವರು ಮೂರನೆಯದನ್ನು ಹಿಡಿಯುತ್ತಾರಾ? ಮನಸ್ಸು ಕೇಳುತ್ತಿಲ್ಲ.

ಜೂನ್ 20, ಶುಕ್ರವಾರ — ಬೆಳಗ್ಗೆ

ಕೊನೆಯದು. ಟಿಚ್ ಬಟನ್, ಸ್ಟೀಲಿನದು, ಬಟಾಣಿಗಿಂತ ಸ್ವಲ್ಪ ಅಗಲ. ಬಾಗಿಲ ಹಿಂದೆ, ಪೊರಕೆ ಇಡುವ ಮೂಲೆಯಲ್ಲಿ ಇಟ್ಟಿದ್ದೇನೆ. ಮರಿ ಅಲ್ಲಿಯವರೆಗೆ ತೆವಳಲಾರಳು, ನಡುವೆ ಕುರ್ಚಿ ಅಡ್ಡ ಇದೆ. ನೋಡಿಕೊಂಡೇ ಇಟ್ಟೆ. ಗುಡಿಸುವಾಗ ಸಿಗಲೇಬೇಕು. ಸಿಕ್ಕರೆ ಮುಗಿಯಿತು, ಇನ್ನು ಜನ್ಮದಲ್ಲಿ ಅನುಮಾನ ಪಡುವುದಿಲ್ಲ.

ಮಧ್ಯಾಹ್ನ

ಕೊಡಲಿಲ್ಲ. ಏನಾದರೂ ಬಿದ್ದಿತ್ತಾ ದೊಡ್ಡಮ್ಮ, ಅಂದೆ. "ಇಲ್ವಲ್ಲ, ಏನು ಕಳೆದುಹೋಯ್ತು?" ಏನಿಲ್ಲ ಅಂದೆ. ಚಪ್ಪಲಿ ಹುಡುಕುವ ನೆಪದಲ್ಲಿ ಬಾಗಿಲ ಹಿಂದೆ ಬಗ್ಗಿ ನೋಡಿದೆ. ಇಲ್ಲ. ಗುಡಿಸಿ ಕಸಕ್ಕೆ ಹಾಕಿರಬೇಕು. ಹಾಕಿರುತ್ತಾರೆ.

ನಾಲ್ಕು ಗಂಟೆ

ಗುಡಿಸಿರುತ್ತಾರೆ ಅಂತ ಹತ್ತು ಸಲ ಹೇಳಿಕೊಂಡೆ. ಆದರೆ ಅವರು ಗುಡಿಸುವುದು ಮಕ್ಕಳು ಬರುವ ಮೊದಲು ಒಮ್ಮೆ, ಮಲಗಿದ ಮೇಲೆ ಒಮ್ಮೆ. ಅವರೇ ಹೇಳಿದ್ದರು. ನಾನು ಇಟ್ಟಿದ್ದು ಮಕ್ಕಳು ಬಂದ ಮೇಲೆ, ಹೋಗಿ ನೋಡಿದ್ದು ಅವು ಮಲಗುವ ಮೊದಲು. ನಡುವೆ ಪೊರಕೆ ಆಡಿಯೇ ಇಲ್ಲ.

ಹಾಗಾದರೆ ಅದು ಎಲ್ಲಿ ಹೋಯಿತು?

ಬೆಲ್ಟ್ ಮೇಲೆ ಬಿಟ್ಟ ಟೆಸ್ಟ್ ಪೀಸ್ ವಾಪಸ್ ಬರಲೇಬೇಕು. ಬರದಿದ್ದರೆ ಮರುಮಾತಿಲ್ಲದೆ ಬೆಲ್ಟ್ ನಿಲ್ಲಿಸಬೇಕು. ನಾನು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇವರು ಬರಲಿ. ಇಲ್ಲ, ಈಗಲೇ ಫೋನ್

ಜೂನ್ 21, ಶನಿವಾರ

ನಿನ್ನೆಯದು ಬರೆಯಬೇಕು.

ಇವರು ಬಂದರು. ಹೇಳಿದೆ. ಯಾವಾಗಲೂ ಏನಾದರೊಂದು ತಮಾಷೆ ಮಾಡುವ ಮನುಷ್ಯ. "ನೀನೇ ಇಟ್ಟೆಯಾ?" ಅಂದರು, ಅಷ್ಟೇ. ಟೂಲ್ ಬಾಕ್ಸಿನಿಂದ ಅಯಸ್ಕಾಂತ ತೆಗೆದು ಜೇಬಿಗೆ ಹಾಕಿಕೊಂಡರು. ಮರಿಯನ್ನು ಎತ್ತಿಕೊಂಡು ಓಡಿದೆವು.

ದೊಡ್ಡಮ್ಮನಿಗೆ ಬಾಗಿಲಲ್ಲೇ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸೀದಾ ಒಳಗೆ ಹೋಗಿ ಚಾಪೆ ಕೊಡವಲು ಶುರುಮಾಡಿದರು. ಇವರು ನೆಲದ ಮೇಲೆಲ್ಲ ಅಯಸ್ಕಾಂತ ಆಡಿಸಿದರು. ಒಂದು ಹೇರ್‌ಪಿನ್ ಸಿಕ್ಕಿತು, ಅದೂ ನನ್ನದೇ. ಮಾತಿನಮಲ್ಲಿ ಇನ್ನೂ ಮನೆಗೆ ಹೋಗಿರಲಿಲ್ಲ. ಏನು ಹುಡುಕುತ್ತಿದ್ದೀರಿ, ಏನು ಹುಡುಕುತ್ತಿದ್ದೀರಿ ಅಂತ ನಮ್ಮ ಹಿಂದೆ ಮುಂದೆ ಸುತ್ತಿದಳು. ಪುಟ್ಟದು, ಹೊಳೆಯುತ್ತದೆ ಅಂದೆ.

"ಡುಮ್ಮ ತಿಂದ್ನಲ್ಲ. ಮಿಠಾಯಿ. ಒಬ್ಬನೇ ತಿಂದ, ನಂಗೆ ಕೊಡ್ಲಿಲ್ಲ."

ದೊಡ್ಡಮ್ಮ ಕೈಯಲ್ಲಿದ್ದ ಚಾಪೆ ಕೆಳಗೆ ಬಿಟ್ಟರು. "ಬೆಳಗ್ಗೇನೇ ಹೇಳ್ತು ಕಣೇ ಈ ಮಗು. ಇಲ್ಲಿ ಎಲ್ಲಿ ಬರ್ಬೇಕು ಮಿಠಾಯಿ, ಸುಮ್ನಿರು ಅಂದುಬಿಟ್ಟೆ."

ಡುಮ್ಮನನ್ನು ಅವರಪ್ಪ ಆಗಲೇ ಮನೆಗೆ ಕರೆದುಕೊಂಡು ಹೋಗಿದ್ದರು. ಅವರಿಗೆ ಫೋನ್ ಮಾಡಿದ್ದು ದೊಡ್ಡಮ್ಮ. ಮಾತಿನಮಲ್ಲಿಯನ್ನು ಅವಳ ಅಮ್ಮ ಬರುವವರೆಗೆ ಇವರು ನೋಡಿಕೊಂಡರು. ಆಸ್ಪತ್ರೆಗೆ ಹೋಗಿದ್ದು ದೊಡ್ಡಮ್ಮ, ನಾನು, ಮರಿ.

ಎಕ್ಸ್‌ರೇಯಲ್ಲಿ ಕಂಡಿತು. ಬೆಳ್ಳಗೆ, ದುಂಡಗೆ, ಹೊಟ್ಟೆಯ ನಡುವೆ. ಡಾಕ್ಟರು ಶಾಂತವಾಗಿಯೇ ಹೇಳಿದರು, "ಗಂಟಲು ದಾಟಿದೆ, ಅದೇ ಪುಣ್ಯ. ತಾನಾಗೇ ಹೊರಗೆ ಬರುತ್ತೆ. ವಾಂತಿ, ಜ್ವರ, ಹೊಟ್ಟೆನೋವು, ಏನೇ ಆದ್ರೂ ತಕ್ಷಣ ಕರ್ಕೊಂಡು ಬನ್ನಿ. ಬರೋವರೆಗೂ ಕಣ್ಣಿಟ್ಟು ನೋಡ್ಬೇಕು."

ಡುಮ್ಮನ ಅಪ್ಪ ಡ್ಯೂಟಿ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಂಡು ಬಂದಿದ್ದರು. "ಎಲ್ಲಿತ್ತು ಇದು?" ಅಂದರು.

"ನನ್ನ ಮನೇಲಿ ಬಿದ್ದಿತ್ತಪ್ಪ. ನಾನು ನೋಡ್ಲಿಲ್ಲ," ಅಂದರು ದೊಡ್ಡಮ್ಮ.

ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಮರಿ ನನ್ನ ಸೊಂಟದ ಮೇಲೆ ಕೂತು ಡುಮ್ಮನ ಕಡೆ ಕೈ ಚಾಚುತ್ತಿದ್ದಳು.

ಜೂನ್ 24, ಮಂಗಳವಾರ

ಬಟನ್ ಹೊರಗೆ ಬಂತಂತೆ. ಇವತ್ತು ಬೆಳಗ್ಗೆ. ದೊಡ್ಡಮ್ಮ ಇವರಿಗೆ ಫೋನ್ ಮಾಡಿ ತಿಳಿಸಿದರು, ನನಗಲ್ಲ. ಅಡಿಗೆಮನೆಯಲ್ಲಿ ನಿಂತು ಜೋರಾಗಿ ಅತ್ತೆ.

ಇವರು ಅಳು ನಿಲ್ಲುವವರೆಗೆ ಕಾದರು. "ಡುಮ್ಮನ್ನ ಅಲ್ಲಿಂದ ಬಿಡಿಸಿದ್ದಾರಂತೆ. ಕಸ ಗುಡಿಸೋಕೆ ಬರದ ಮನೆಗೆ ಮಗು ಕಳಿಸಲ್ಲ ಅಂದ್ರಂತೆ. ಬೀದಿಯವರೆಲ್ಲ ಮಾತಾಡ್ತಿದ್ದಾರೆ."

"ದೊಡ್ಡಮ್ಮ ನನ್ನ ಹೆಸರು ಹೇಳ್ಲಿಲ್ವಾ?"

"ಇಲ್ಲ. ಅದನ್ನ ಹೇಳೋದು ಯಾರ ಕೆಲಸ?"

ಜೂನ್ 25, ಬುಧವಾರ

ಮರಿಯನ್ನು ಎತ್ತಿಕೊಂಡು ಡುಮ್ಮನ ಅಪ್ಪನ ಬಸ್ ರೂಟಿನ ಕೊನೆ ಸ್ಟಾಪಿಗೆ ಹೋದೆ. ಬಸ್ ಖಾಲಿ ನಿಂತಿತ್ತು. ಡ್ರೈವರ್ ಸೀಟಿನ ಹಿಂದೆ, ಮೊದಲ ಸೀಟಿನಲ್ಲಿ ಡುಮ್ಮ. ಸೊಂಟಕ್ಕೆ ಬಟ್ಟೆ ಸುತ್ತಿ ಸೀಟಿಗೆ ಕಟ್ಟಿದ್ದಾರೆ. ಬೇರೆ ಎಲ್ಲಿ ಬಿಡುತ್ತಾರೆ? ದಿನವಿಡೀ ಹೀಗೇ ಊರು ಸುತ್ತುತ್ತಿದೆ ಆ ಕೂಸು. ಮರಿಯನ್ನು ನೋಡಿ ಕಾಲು ಬಡಿಯಿತು. ಅವರಪ್ಪ ಡಬ್ಬಿ ಬಿಚ್ಚಿ ತುತ್ತು ತಿನ್ನಿಸುತ್ತಿದ್ದರು.

"ಆ ಬಟನ್ ನಂದು," ಅಂದೆ. "ಬಿದ್ದಿದ್ದಲ್ಲ. ನಾನೇ ಇಟ್ಟಿದ್ದು. ದೊಡ್ಡಮ್ಮ ಸರಿಯಾಗಿ ಗುಡಿಸ್ತಾರಾ ಅಂತ ನೋಡೋಕೆ. ಅವರದ್ದೇನೂ ತಪ್ಪಿಲ್ಲ."

ತುತ್ತು ಕೈಯಲ್ಲೇ ನಿಂತಿತು.

"ಬೇಕಂತ್ಲೇ ಇಟ್ರಾ? ಮಕ್ಕಳಿರೋ ಮನೇಲಿ?"

"ಬಾಗಿಲ ಹಿಂದೆ ಇಟ್ಟಿದ್ದೆ. ಮಕ್ಕಳು ಆ ಕಡೆ ಹೋಗಲ್ಲ ಅಂದುಕೊಂಡು..."

"ನಿಮ್ಮ ಮಗು ಹೋಗಲ್ಲ," ಅಂದರು. "ಅದಿನ್ನೂ ತೆವಳ್ತದೆ. ನಮ್ಮೋನು ಓಡ್ತಾನೆ. ನಿಮ್ಮದಕ್ಕೆ ಎಟುಕದ ಜಾಗ ನೋಡಿ ಇಟ್ಟಿದ್ದೀರಿ."

ಕೂಗಲಿಲ್ಲ. ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು, ಆಮೇಲೆ ಮಗುವಿನ ಬಾಯಿ ಒರೆಸಿದರು. ಹೌದು ಅಂದೆ. ಬೇರೇನು ಹೇಳಲಿ. ಹೌದು, ಹಾಗೇ ಇಟ್ಟೆ. ಕುರ್ಚಿ ಅಡ್ಡ ಇದೆ ಅಂತ ಲೆಕ್ಕ ಹಾಕುವಾಗ ನನ್ನ ಕಣ್ಣಿಗೆ ಕಂಡಿದ್ದು ಒಂದೇ ಮಗು. ಡುಮ್ಮ ಪೊರಕೆಗೆ ಓಡುತ್ತಾನೆ ಅಂತ ಮೊದಲ ದಿನವೇ ಬರೆದಿಟ್ಟವಳು ನಾನು.

ಸಾಯುವಷ್ಟು ನಾಚಿಕೆ. ಮೂರು ಸ್ಟಾಪು ನಡೆದೇ ಬಂದೆ.

ಜೂನ್ 29, ಭಾನುವಾರ

ಬೇರೆ ಮನೆ ಹುಡುಕೋಣ ಅಂದರು ಇವರು. ಸರ್ಟಿಫಿಕೇಟಿನ ಮನೆ ಇದೆಯಲ್ಲ, ಜಾಗವೂ ಇದೆ ಅಂದರು. ಬೇಡ. ನಾನು ನೋಡಿದ್ದರಲ್ಲಿ ಪಾಸಾಗಿದ್ದು ಒಂದೇ ಮನೆ. ಹೋಗಿ ಗೇಟಿನ ಹತ್ತಿರ ನಿಂತೆ. ದೊಡ್ಡಮ್ಮ ಬಂದರು, ಚಿಲಕ ತೆಗೆಯಲಿಲ್ಲ.

"ಡುಮ್ಮನ ಅಪ್ಪ ಬಂದಿದ್ರು. ನಾಳೆಯಿಂದ ಕಳಿಸ್ತಾರೆ."

"ಮರಿ..."

"ಮಗು ಏನು ಮಾಡಿದೆ? ಬರಲಿ. ಬೆಳಗ್ಗೆ ಇಲ್ಲೇ ಗೇಟಲ್ಲಿ ಕೊಡಿ, ಸಾಯಂಕಾಲ ಇಲ್ಲೇ ಇಸ್ಕೊಳ್ಳಿ. ನೀವು ಮಾತ್ರ ಒಳಗೆ ಬರೋದು ಬೇಡ."

ನೀನು ಹೋಗಿ ನೀವು ಬಂದಿದೆ.

"ಕಿಟಕಿ ಹತ್ರಾನೂ ಬರ್ಬೇಡಿ. ಕೋಪಕ್ಕೆ ಹೇಳ್ತಿಲ್ಲ. ಮೂರು ಮಕ್ಕಳಿದ್ದಾರೆ ನನ್ನ ಹತ್ರ, ಅವರ ಸಲುವಾಗಿ ಹೇಳ್ತಿದ್ದೀನಿ."

ಮೂರು ಅಂದರು. ಮರಿಯನ್ನೂ ಸೇರಿಸಿ.

ಆಯ್ತು ದೊಡ್ಡಮ್ಮ ಅಂದೆ.

ಜುಲೈ 7, ಸೋಮವಾರ

ಬೆಳಗ್ಗೆ ಗೇಟಿನಲ್ಲಿ ಡುಮ್ಮನ ಅಪ್ಪನೂ ಇದ್ದರು. ನನ್ನ ಕೈ ನೋಡಿದರು. ಮಾತಿಲ್ಲದೆ ಎರಡೂ ಅಂಗೈ ಬಿಡಿಸಿ ತೋರಿಸಿದೆ. ತಲೆಯಾಡಿಸಿ ಹೋದರು. ದೊಡ್ಡಮ್ಮ ಗೇಟಿನ ಮೇಲಿಂದಲೇ ಮರಿಯನ್ನು ಎತ್ತಿಕೊಂಡರು. ಅಳಲಿಲ್ಲ ಇವಳು. ಬಾಗಿಲು ಮುಚ್ಚಿತು.

ಇಡೀ ದಿನ ಬೆಲ್ಟ್ ಮುಂದೆ ನಿಂತು ಅದೇ ಯೋಚನೆ. ಉಂಡಳಾ, ಮಲಗಿದಳಾ, ಯಾರ ಪಕ್ಕ ಮಲಗಿದಳು, ಒಗೆಯುವ ನೀರಿಗೆ ಕೈ ಹಾಕಿದಳಾ. ಫೋನ್ ಕೈಗೆ ತಗೊಂಡು ಎಷ್ಟು ಸಲ ಇಟ್ಟೆನೋ.

ಸಂಜೆ ಗೇಟಿನ ಮೇಲಿಂದ ಕೊಡುತ್ತ ದೊಡ್ಡಮ್ಮ ಅಂದರು, "ಇವತ್ತು ಎರಡು ಹೆಜ್ಜೆ ಹಾಕಿದಳು. ಡುಮ್ಮನ್ನ ಹಿಡಿಯೋಕೆ."

ಮೊದಲ ಹೆಜ್ಜೆ. ಆ ಬಾಗಿಲ ಆಚೆ. ನಾನು ಇಲ್ಲದಾಗ.

ನಿಜವಾ, ಹಿಡಿದುಕೊಂಡು ನಡೆದಳಾ, ಬಿಟ್ಟು ನಡೆದಳಾ, ಎಲ್ಲಿಂದ ಎಲ್ಲಿಗೆ... ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಮನೆಗೆ ಬಂದು ಎಷ್ಟು ಸಲ ನಿಲ್ಲಿಸಿದರೂ ಧೊಪ್ಪನೆ ಕೂತು ನಗುತ್ತಾಳೆ ಕಳ್ಳಿ.

ಇವರಿಗೆ ಹೇಳಿದೆ.

"ನೀನು ನೋಡಿದೆಯಾ?"

"ಇಲ್ಲ. ನಡೆದಳು."

ನನ್ನ ಮುಖವನ್ನೇ ನೋಡಿದರು. ಟೀ ಇಡಲು ಒಳಗೆ ಹೋಗಿದ್ದಾರೆ. ನಾನು ನೆಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮರಿ ಮಂಚದ ಅಂಚು ಹಿಡಿದು ಎದ್ದಿದ್ದಾಳೆ. ನನ್ನ ಪೆನ್ನಿನ ಮೇಲೆ ಕಣ್ಣು. ಒಂದು ಕೈ ಬಿಟ್ಟಳು. ಇನ್ನೊಂದು